ನೈಜೀರಿಯಾದ ಮೇಷ್ಟರು ಹೇಳಿದ್ದು, ನಾವು ಅಚ್ಚು ಹಾಕಿದ್ದು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ನೈಜೀರಿಯಾದ ಶಾಲಾ ಶಿಕ್ಷಕರೊಬ್ಬರ ಸಂದರ್ಶನವನ್ನು ಕುರಿತು ತಾವು ದಾವಣಗೆರೆಯಿಂದ ಬರೆದ ಪತ್ರ ತಲುಪಿದೆ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದ ತಾವು ಮೂರು ಆಕ್ಷೇಪಗಳನ್ನು ಎತ್ತಿದ್ದೀರಿ. ರಾಜಕೀಯ ಮತ್ತು ಅರ್ಥವ್ಯವಸ್ಥೆಯ ಮಾತುಕತೆಯಲ್ಲಿ ಅರ್ಧದಷ್ಟು ಜಾಗವನ್ನು ಊಟ-ತಿಂಡಿಗೆ ಬಿಟ್ಟುಕೊಟ್ಟದ್ದು ಏಕೆ ಎಂಬುದು ಮೊದಲನೆಯದು. ಇಪ್ಪತ್ತು ಕೋಟಿಗೂ ಹೆಚ್ಚು ಜನರಿರುವ ದೇಶದ ಬಗ್ಗೆ ಒಬ್ಬ ಮೇಷ್ಟರ ಅನಿಸಿಕೆಗೆ ಎಷ್ಟು ತೂಕ ಕೊಡಬಹುದು ಎಂಬುದು ಎರಡನೆಯದು. ಮೂರನೆಯದನ್ನು ತಮ್ಮ ಮಾತಿನಲ್ಲೇ ಕೊಡುತ್ತೇನೆ: "ಪೆಟ್ರೋಲ್ ಸಬ್ಸಿಡಿಯನ್ನು ಎಂದೋ ತೆಗೆಯಬೇಕಾಗಿತ್ತು. ಅದನ್ನು ತೆಗೆದದ್ದೇ ತಪ್ಪು ಎನ್ನುವವರಿಗೆ ಒಂದು ಮರುಪ್ರಶ್ನೆಯನ್ನೂ ಹಾಕದೆ ಅಚ್ಚು ಹಾಕಿದ್ದು ಸರಿಯೇ?" ಈ ಮೂರನೆಯ ಆಕ್ಷೇಪದಲ್ಲಿ ನಮ್ಮ ತಪ್ಪೊಂದು ಅಡಗಿದೆ. ಅದನ್ನು ಒಪ್ಪಿಕೊಳ್ಳುವ ಮೊದಲು ಉಳಿದೆರಡಕ್ಕೆ ಉತ್ತರ ಕೊಡುವುದು ನನ್ನ ಹೊಣೆ.

ಸಂದರ್ಶನ ನಡೆದದ್ದು ಬೆಂಗಳೂರಿನ ಆಸ್ಪತ್ರೆಯೊಂದರ ಹಿಂದಿನ ರಸ್ತೆಯಲ್ಲಿ, ರೋಗಿಗಳ ಕಡೆಯವರಿಗೆಂದು ದಿನಬಾಡಿಗೆಗೆ ಕೊಡುವ ಪುಟ್ಟ ಮನೆಯೊಂದರಲ್ಲಿ. ತಾಯಿಯ ಹೃದಯದ ಶಸ್ತ್ರಚಿಕಿತ್ಸೆಗೆಂದು ಲಾಗೋಸಿನಿಂದ ಬಂದಿದ್ದ ಆ ಮೇಷ್ಟರು ಹುಟ್ಟಿ ಬೆಳೆದದ್ದು ಇಬಾದಾನಿನಲ್ಲಿ, ಕಲಿಸುವುದು ಗಣಿತ. ನಮ್ಮ ಉಪಸಂಪಾದಕಿಯ ಜೊತೆ ನಾನೂ ಹೋಗಿದ್ದೆ. ನಾವು ಹೋದಾಗ ಎಸರು ಕುದಿಯುತ್ತಿತ್ತು. ಅಂಗಡಿಯಿಂದ ತಂದ ರಾಗಿಹಿಟ್ಟನ್ನು ಅದಕ್ಕೆ ಸುರಿದು, ಪಾತ್ರೆಯನ್ನು ಮಸಿಬಟ್ಟೆಯಲ್ಲಿ ಒತ್ತಿ ಹಿಡಿದು, ಮರದ ಸೌಟಿನ ಹಿಡಿಯನ್ನೇ ಕೋಲು ಮಾಡಿಕೊಂಡು ಗಂಟಾಗದಂತೆ ತಿರುವುತ್ತಿದ್ದರು. ಅವರ ಊರಿನ ಅಮಾಲಾ ಎಂಬುದು ಯಾಮ್ ಗೆಣಸನ್ನು (ನಮ್ಮ ಹೆಗ್ಗೆಣಸಿನ ಜಾತಿಯದು) ಒಣಗಿಸಿ ಬೀಸಿದ ಹಿಟ್ಟಿನ ಮುದ್ದೆ. ನೋಡಲು ನಮ್ಮ ರಾಗಿಮುದ್ದೆಯಷ್ಟೇ ಕಂದು. ಆ ಹಿಟ್ಟು ಇಲ್ಲಿ ಸಿಗದೆ ಹೋದಾಗ ಕೆಳಗಿನ ಮನೆಯವರ ತಟ್ಟೆಯಲ್ಲಿ ಮುದ್ದೆ ನೋಡಿ ರಾಗಿ ತಂದಿದ್ದರು. ತಾಯಿ ಒಂದು ತುತ್ತು ಮುರಿದು, ಲೋಳೆಲೋಳೆಯಾಗಿ ಬೇಯಿಸಿದ ಬೆಂಡೆಕಾಯಿ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿ, "ಬಣ್ಣ ನಮ್ಮದೇ, ವಾಸನೆ ಬೇರೆ" ಎಂದರು. ಅಗಿಯದೆ ನುಂಗುವ ಈ ಬಗೆಯ ಮುದ್ದೆಗಳಿಗೆಲ್ಲ ಆ ದೇಶದಲ್ಲಿ ಇಟ್ಟಿರುವ ಸಾಮಾನ್ಯ ಹೆಸರೇ "ಸ್ವಾಲೋ", ಅಂದರೆ ನುಂಗುವಂಥದ್ದು. ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ ಹುರಿದ ತರಿಯ ಹೆಸರು "ಗರಿ". ಅದನ್ನು ಬಿಸಿನೀರಿನಲ್ಲಿ ತಿರುವಿದರೆ ಎಬಾ. ಅಲಸಂದೆಯನ್ನು ರುಬ್ಬಿ ಕರಿದರೆ ಅಕಾರಾ, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಮೊಯ್‌ಮೊಯ್. ರಾಗಿಯೂ ಅಲಸಂದೆಯೂ ಆಫ್ರಿಕಾದಲ್ಲೇ ಮೊದಲು ಬೇಸಾಯಕ್ಕೆ ಬಂದವು ಎಂಬುದನ್ನು ನೆನೆದರೆ, ಆ ತಾಯಿಗೆ ನಮ್ಮ ಮುದ್ದೆ ತೀರ ಪರಕೀಯವೆನಿಸದ್ದು ಸಹಜವೇ.

ಮಾತು ಅಮಾಲಾದಿಂದ ರಾಜಕೀಯಕ್ಕೆ ಹೊರಳಲು ನಾವು ಯಾವ ಪ್ರಶ್ನೆಯನ್ನೂ ಕೇಳಬೇಕಾಗಿ ಬರಲಿಲ್ಲ. "ಅಮಾಲಾ ರಾಜಕೀಯ" ಎಂಬ ಮಾತೇ ಇಬಾದಾನಿನಲ್ಲಿ ಬಳಕೆಯಲ್ಲಿದೆ. ಅಲ್ಲಿನ ಮೊಲೆಟೆ ಬಡಾವಣೆಯಲ್ಲಿ ಲಮಿಡಿ ಅಡೆಡಿಬು ಎಂಬ ನಾಯಕರಿದ್ದರು, 2008ರಲ್ಲಿ ತೀರಿಕೊಂಡರು. ಸರ್ಕಾರದಲ್ಲಿ ಹುದ್ದೆಯಿಲ್ಲದಿದ್ದರೂ ಅವರ ಮನೆಯಂಗಳದಲ್ಲಿ ದಿನವೂ ಅಮಾಲಾ ಬೇಯುತ್ತಿತ್ತು, ಬಂದವರೆಲ್ಲ ಉಂಡು ಹೋಗುತ್ತಿದ್ದರು, ಮತ್ತು ಇಬಾದಾನ್ ರಾಜಧಾನಿಯಾಗಿರುವ ಓಯೊ ರಾಜ್ಯದ ಗವರ್ನರ್ ಯಾರಾಗಬೇಕು ಎಂಬ ಲೆಕ್ಕಾಚಾರವೂ ಅಲ್ಲಿಯೇ ನಡೆಯುತ್ತಿತ್ತು. ಅವರ ಬೆಂಬಲದಿಂದಲೇ ಗೆದ್ದಿದ್ದ ಗವರ್ನರ್ ರಶೀದಿ ಲಡೋಜಾ, ಅಡೆಡಿಬು ಅವರೊಂದಿಗೆ ಮುನಿಸಿಕೊಂಡ ಮೇಲೆ 2006ರ ಜನವರಿಯಲ್ಲಿ ಪದಚ್ಯುತರಾದರು. ಆ ಪದಚ್ಯುತಿ ಅಸಿಂಧುವೆಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಕೊನೆಗೆ ತೀರ್ಪು ಕೊಟ್ಟಿತು. 2014ರಲ್ಲಿ ಎಕಿಟಿ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ಹೆಸರು ಹುಟ್ಟಿತು: "ಹೊಟ್ಟೆಯ ಮೂಲಸೌಕರ್ಯ". ತಮ್ಮ ಆಡಳಿತದ ಸುಧಾರಣೆಗಳನ್ನು ತೋರಿಸಿ ಮತ ಕೇಳಿದ ಗವರ್ನರ್ ಫಯೆಮಿ, ಅಕ್ಕಿ ಹಂಚಿ ಜನರ ನಡುವೆ ಕುಳಿತು ಉಂಡ ಫಯೋಸೆಯವರ ಎದುರು ರಾಜ್ಯದ 16 ಸ್ಥಳೀಯ ಆಡಳಿತ ಪ್ರದೇಶಗಳಲ್ಲೂ ಸೋತರು. ಈ ಸೋಲನ್ನು ಮತದಾರರ ಅಜ್ಞಾನವೆಂದು ಪಕ್ಕಕ್ಕೆ ಸರಿಸಿದವರು ಬಹಳ ಮಂದಿ. ಮೇಷ್ಟರು ಹಾಗೆ ಮಾಡಲಿಲ್ಲ. ಐದು ವರ್ಷಗಳಲ್ಲಿ ಸರ್ಕಾರದಿಂದ ತನ್ನ ಮನೆಬಾಗಿಲಿಗೆ ಬಂದ ಒಂದೇ ವಸ್ತು ಒಂದು ಚೀಲ ಅಕ್ಕಿಯಾಗಿದ್ದರೆ, ಅದನ್ನು ತಂದವನ ಮುಖ ನೆನಪಿರುತ್ತದೆ ಎಂದರು. ನನಗೂ ಅದು ಸರಿಯೆನಿಸಿತು.

ಊಟವನ್ನು ರಾಜಕೀಯದ ಆಯುಧವಾಗಿ ಬಳಸಿದ ಸಂದರ್ಭವನ್ನೂ ಅವರು ಹತ್ತಿರದಿಂದ ನೋಡಿದ್ದಾರೆ. 2021ರ ಫೆಬ್ರವರಿಯಲ್ಲಿ ಇಬಾದಾನಿನ ಶಾಶಾ ಮಾರುಕಟ್ಟೆಯಲ್ಲಿ ದಕ್ಷಿಣದ ಯೊರುಬಾ ಮತ್ತು ಉತ್ತರದ ಹೌಸಾ ಜನರ ನಡುವೆ ಗಲಭೆಯಾಗಿ ಜೀವಹಾನಿಯಾಯಿತು. ಅದಕ್ಕೆ ಪ್ರತಿಯಾಗಿ ಉತ್ತರದ ವ್ಯಾಪಾರಿಗಳ ಒಕ್ಕೂಟ ದಕ್ಷಿಣಕ್ಕೆ ಬರುವ ಟೊಮೆಟೊ, ಈರುಳ್ಳಿ ಮತ್ತು ದನಗಳ ಲಾರಿಗಳನ್ನು ಕೆಲವು ದಿನ ತಡೆಹಿಡಿಯಿತು. ಉತ್ತರದ ಕಾನೊ, ಕಡುನಾ ಕಡೆಯ ಟೊಮೆಟೊ ಬಾರದಿದ್ದರೆ ಲಾಗೋಸಿನಲ್ಲಿ ಜೊಲ್ಲಾಫ್ ಅನ್ನ ಆಗುವುದಿಲ್ಲ. ಟೊಮೆಟೊ, ಕೆಂಪು ದಪ್ಪಮೆಣಸಿನಕಾಯಿ ಮತ್ತು ಈರುಳ್ಳಿ ರುಬ್ಬಿದ ಮಸಾಲೆಯಲ್ಲಿ ಬೇಯುವ ಆ ಅನ್ನವಿಲ್ಲದೆ ಅಲ್ಲಿ ಮದುವೆಯೂ ಇಲ್ಲ, ನಾಮಕರಣವೂ ಇಲ್ಲ. ದೇಶದ ಉತ್ತರ ದಕ್ಷಿಣಗಳನ್ನು ಒಟ್ಟಿಗೆ ಕಟ್ಟಿರುವ ಹಗ್ಗ ಎಷ್ಟು ಸಣ್ಣದೆಂಬುದು ಆ ವಾರ ಪ್ರತಿ ಮನೆಯ ಒಲೆಯ ಮುಂದೆ ಗೊತ್ತಾಯಿತು.

ಜೊಲ್ಲಾಫಿನ ಅಕ್ಕಿಯದಂತೂ ಬೇರೆಯೇ ಕಥೆ, ಮತ್ತು ಅದರಲ್ಲಿ ನಮಗೂ ಪಾಲಿದೆ. ಅಗುಳು ಅಂಟಬಾರದೆಂದು ಅಲ್ಲಿನವರು ಬಯಸುವುದು ಕುಸುಬಲಕ್ಕಿಯನ್ನು. 2015ರ ಜೂನ್‌ನಲ್ಲಿ ನೈಜೀರಿಯಾದ ಕೇಂದ್ರ ಬ್ಯಾಂಕ್ ಅಕ್ಕಿಯೂ ಸೇರಿದಂತೆ 41 ಬಗೆಯ ಆಮದುಗಳಿಗೆ ವಿದೇಶಿ ವಿನಿಮಯ ಕೊಡುವುದನ್ನು ನಿಲ್ಲಿಸಿತು. ಆ ವರ್ಷದ ನವೆಂಬರಿನಲ್ಲಿ ಕೆಬ್ಬಿ ರಾಜ್ಯದಿಂದ ಆರಂಭಿಸಿ ಭತ್ತದ ಬೆಳೆಗಾರರಿಗೆ ಸಾಲ ಕೊಡುವ ಯೋಜನೆ ಬಂತು. 2019ರ ಆಗಸ್ಟ್‌ನಲ್ಲಿ ಭೂಗಡಿಗಳನ್ನೇ ಮುಚ್ಚಿ, 2020ರ ಡಿಸೆಂಬರಿನಲ್ಲಿ ತೆರೆದರು. ಆದರೂ ನೆರೆಯ ಪುಟ್ಟ ದೇಶ ಬೆನಿನ್ ಭಾರತದಿಂದ ಕೊಳ್ಳುವ ಅಕ್ಕಿಯ ಒಂದು ಪಾಲು ಕೊಟೊನು ಬಂದರಿನಲ್ಲಿ ಇಳಿದು, ಗಡಿ ದಾಟಿ ನೈಜೀರಿಯಾದ ಅಡುಗೆಮನೆ ಸೇರುತ್ತದೆ. 2023ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಕುಸುಬಲಕ್ಕಿಯ ರಫ್ತಿಗೆ ಶೇ 20ರ ಸುಂಕ ಹಾಕಿದಾಗ ಆ ದೂರದ ಮಾರುಕಟ್ಟೆಯ ಮಾತನ್ನು ಇಲ್ಲಿ ಯಾರೂ ಎತ್ತಲಿಲ್ಲ. ಮೇಷ್ಟರು ಗಡಿ ಮುಚ್ಚಿದ್ದನ್ನು ಆಗ ಬೆಂಬಲಿಸಿದ್ದರು. ಕಲ್ಲು ಆರಿಸಬೇಕಾದರೂ ಸರಿ, ನಮ್ಮ ನೆಲದ ಓಫಾಡಾ ಅಕ್ಕಿ ಉಣ್ಣೋಣ ಎಂದು ತರಗತಿಯಲ್ಲಿ ಮಕ್ಕಳಿಗೆ ಹೇಳಿದ್ದರಂತೆ. ಅವರ ಮನಸ್ಸು ಬದಲಾದದ್ದು 2020ರ ನವೆಂಬರಿನಲ್ಲಿ, ಬೊರ್ನೊ ರಾಜ್ಯದ ಜಬರ್ಮರಿಯಲ್ಲಿ ಭತ್ತದ ಗದ್ದೆಗಳಲ್ಲಿ ಕೆಲಸ ಮಾಡುತ್ತಿದ್ದ ಕನಿಷ್ಠ 43 ಮಂದಿಯನ್ನು ಉಗ್ರರು ಕೊಂದ ಸುದ್ದಿ ಬಂದಾಗ. ಗದ್ದೆಗೆ ಇಳಿದವನ ಜೀವಕ್ಕೆ ಕಾವಲಿಲ್ಲದೆ ಬೆಳೆ ಬೆಳೆಯಿರಿ ಎನ್ನುವುದು ಎಂಥ ಕೃಷಿನೀತಿ ಎಂದು ಅವರು ಕೇಳಿದರು.

ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ಒಬ್ಬರ ಮಾತು ದೇಶದ ಮಾತಾಗದು, ನಿಜ. ಆದರೆ ಅಂಕಿಅಂಶ ಮಾತ್ರ ಸಾಕೆಂದರೆ ನನ್ನ ಒಪ್ಪಿಗೆಯಿಲ್ಲ. ನೈಜೀರಿಯಾದ ಹಣದುಬ್ಬರ 2024ರ ಡಿಸೆಂಬರಿನಲ್ಲಿ ಶೇ 34.8 ಇದ್ದದ್ದು 2025ರ ಜನವರಿಯಲ್ಲಿ ಶೇ 24.48ಕ್ಕೆ ಇಳಿಯಿತು. ಅದು ಬೆಲೆ ಹೋಲಿಸಲು ಹಿಡಿಯುವ ಆಧಾರವರ್ಷವನ್ನೂ ವಸ್ತುಗಳ ಪಟ್ಟಿಯನ್ನೂ ಬದಲಿಸಿದ್ದರ ಫಲ ಎಂಬುದನ್ನು ತಮಗೆ ನಾನು ವಿವರಿಸಬೇಕಿಲ್ಲ. ಲೆಕ್ಕ ಹಾಕುವವರು ತಪ್ಪು ಮಾಡಿದರೆಂದು ಮೇಷ್ಟರೂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಆಧಾರವರ್ಷವನ್ನು ಆಗಾಗ ಬದಲಿಸಲೇಬೇಕು. ಆದರೆ ಅವರ ಹೆಂಡತಿ ಸಂತೆಯಲ್ಲಿ ಅಕ್ಕಿಯನ್ನು, ಅಲಸಂದೆಯನ್ನು ಕೊಳ್ಳುವುದು "ಡೆರಿಕಾ" ಲೆಕ್ಕದಲ್ಲಿ. ಆ ಹೆಸರಿನ ಟೊಮೆಟೊ ಪೇಸ್ಟಿನ ಖಾಲಿ ಡಬ್ಬಿಯೇ ನಮ್ಮ ಪಾವು-ಸೇರಿನಂತೆ ಅಲ್ಲಿ ಅಳತೆಯಾಗಿ ನಿಂತುಬಿಟ್ಟಿದೆ. ಉತ್ತರದಲ್ಲಿ ಅದಕ್ಕೆ ಬದಲು ಮುಡು, ಯೊರುಬಾ ಸೀಮೆಯಲ್ಲಿ ಕೊಂಗೊ. ಮೊದಲು ಮೂಟೆ ತರುತ್ತಿದ್ದವರು ಕೊಂಗೊಗೆ, ಕೊಂಗೊದಿಂದ ಡೆರಿಕಾಕ್ಕೆ ಇಳಿದದ್ದು ಯಾವ ಕೋಷ್ಟಕದಲ್ಲೂ ಒಂದು ಸಾಲಾಗಿ ಬರುವುದಿಲ್ಲ. ಲಾಗೋಸಿನ ಎಸ್‌ಬಿಎಂ ಇಂಟೆಲಿಜೆನ್ಸ್ ಎಂಬ ಸಂಶೋಧನಾ ಸಂಸ್ಥೆ ಐದು ಜನರ ಕುಟುಂಬಕ್ಕೆ ಒಂದು ಪಾತ್ರೆ ಜೊಲ್ಲಾಫ್ ಬೇಯಿಸಲು ಬೀಳುವ ಖರ್ಚನ್ನು ಬೇರೆ ಬೇರೆ ಊರುಗಳ ಮಾರುಕಟ್ಟೆಗಳಿಂದ ಲೆಕ್ಕಹಾಕಿ ಸೂಚ್ಯಂಕವಾಗಿಯೇ ಪ್ರಕಟಿಸುತ್ತದೆ. ಅಂಕಿಯ ವೃತ್ತಿಯವರೂ ಅಡುಗೆಪಾತ್ರೆಯನ್ನು ಮಾಪಕವಾಗಿ ಒಪ್ಪಿರುವಾಗ, ಆ ಪಾತ್ರೆಯ ಮುಂದೆ ಕುಳಿತವರ ಮಾತಿಗೆ ನಾವು ನಾಲ್ಕು ಪುಟ ಕೊಟ್ಟದ್ದು ಹೆಚ್ಚಾಯಿತೆಂದು ನನಗನ್ನಿಸುವುದಿಲ್ಲ. 2023ರ ಫೆಬ್ರವರಿಯ ಅಧ್ಯಕ್ಷ ಚುನಾವಣೆಯಲ್ಲಿ ನೋಂದಾಯಿತ ಮತದಾರರಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 27 ಮಂದಿ ಮಾತ್ರ. ಉಳಿದವರ ಮನಸ್ಸಿನಲ್ಲಿ ಏನಿದೆ ಎಂಬುದು ಮತಪೆಟ್ಟಿಗೆಯಿಂದಂತೂ ತಿಳಿಯದು.

ಇನ್ನು ಸಬ್ಸಿಡಿ. ಇಲ್ಲಿ ತಮ್ಮ ವಾದದ ಬಹುಪಾಲನ್ನು ನಾನು ಒಪ್ಪುತ್ತೇನೆ. ಕಚ್ಚಾತೈಲ ಮಾರುವ ದೇಶ, ತನ್ನ ಸರ್ಕಾರಿ ಸಂಸ್ಕರಣಾಗಾರಗಳು ವರ್ಷಗಟ್ಟಲೆ ಕೆಟ್ಟು ನಿಂತ ಕಾರಣ ಪೆಟ್ರೋಲನ್ನು ಹೊರಗಿನಿಂದ ಕೊಂಡು, ನಷ್ಟಕ್ಕೆ ಮಾರುತ್ತಿತ್ತು. 2022ರಲ್ಲಿ ಈ ಬಾಬತ್ತಿನ ವೆಚ್ಚ 4 ಲಕ್ಷ ಕೋಟಿ ನೈರಾ (ಅಲ್ಲಿನ ಹಣ) ದಾಟಿತ್ತು. ಅಗ್ಗದ ಪೆಟ್ರೋಲು ಬೆನಿನ್, ಟೋಗೊಗಳಿಗೆ ಕಳ್ಳಸಾಗಣೆಯಾಗುತ್ತಿತ್ತು. 2012ರ ಜನವರಿ 1ರಂದು ಅಧ್ಯಕ್ಷ ಜೊನಾಥನ್ ಸಬ್ಸಿಡಿ ತೆಗೆದಾಗ ಲೀಟರಿಗೆ 65 ನೈರಾ ಇದ್ದ ಬೆಲೆ 141ಕ್ಕೆ ಏರಿ, ದೇಶವೇ ಮುಷ್ಕರ ಹೂಡಿ, ಬೆಲೆ 97ಕ್ಕೆ ಇಳಿಯಿತು. 2023ರ ಚುನಾವಣೆಯ ಹೊತ್ತಿಗೆ ಮೂವರು ಪ್ರಮುಖ ಅಭ್ಯರ್ಥಿಗಳೂ ಸಬ್ಸಿಡಿ ತೆಗೆಯುವುದಾಗಿಯೇ ಹೇಳಿದ್ದರು. ಹಿಂದಿನ ಸರ್ಕಾರ ಅದಕ್ಕೆ ಜೂನ್ ಕೊನೆಯವರೆಗೆ ಮಾತ್ರ ಹಣ ಇಟ್ಟಿತ್ತು. ಹಾಗಾಗಿ ಹೊಸ ಅಧ್ಯಕ್ಷ ಬೋಲಾ ಟಿನುಬು ಮೇ 29ರಂದು ಪ್ರಮಾಣವಚನದ ಭಾಷಣದಲ್ಲಿ ಸಬ್ಸಿಡಿ ಹೋಯಿತೆಂದು ಘೋಷಿಸಿದ್ದು ಅನಿರೀಕ್ಷಿತವಲ್ಲ.

ನಾನು ತಮ್ಮಿಂದ ಬೇರೆಯಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸುಮಾರು 190 ನೈರಾ ಇದ್ದ ಲೀಟರು ಪೆಟ್ರೋಲು ಕೆಲವೇ ದಿನಗಳಲ್ಲಿ 500ರ ಗಡಿ ಮುಟ್ಟಿತು, 2024ರ ಅಕ್ಟೋಬರಿನಲ್ಲಿ 1,000ದ ಹತ್ತಿರ ಹೋಯಿತು. ಘೋಷಣೆಯಾಗಿ ಮೂರು ವಾರ ಕಳೆಯುವ ಮೊದಲೇ ನೈರಾದ ವಿನಿಮಯ ದರವನ್ನೂ ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ ಸುಮಾರು 460 ಇದ್ದ ಅಧಿಕೃತ ದರ ಮರುವರ್ಷದ ಆರಂಭದಲ್ಲಿ 1,500 ದಾಟಿತು. ಲಾರಿಗಳ ಡೀಸೆಲಿಗೆ ಮೊದಲೇ ಸಬ್ಸಿಡಿ ಇರಲಿಲ್ಲವೆಂಬುದು ನಿಜ. ಆದರೆ ಸಂತೆಗೆ ಹೋಗುವ ವ್ಯಾನು, ಮೆಣಸಿನಕಾಯಿ ಟೊಮೆಟೊ ರುಬ್ಬಿಕೊಡುವ ಬೀದಿಬದಿಯ ಯಂತ್ರ, ಕರೆಂಟಿಲ್ಲದಾಗ ಮೀನು ಕೆಡದಂತೆ ಕಾಯುವ ಜನರೇಟರು, ಇವೆಲ್ಲ ಓಡುವುದು ಪೆಟ್ರೋಲಿನಿಂದ. ಬ್ರೆಡ್ಡಿನ ಗೋಧಿಗೆ ಡಾಲರ್ ಬೇಕು. ಒಂದರ ಮೇಲೊಂದು ಬಂದ ಈ ಎರಡು ಪೆಟ್ಟುಗಳ ನಡುವೆ ಕನಿಷ್ಠ ವೇತನ ತಿಂಗಳಿಗೆ 30,000 ನೈರಾದಲ್ಲೇ ನಿಂತಿತ್ತು. ಅದು 70,000 ಆದದ್ದು 2024ರ ಜುಲೈನಲ್ಲಿ, ಹದಿನಾಲ್ಕು ತಿಂಗಳ ನಂತರ. ಆ ಹೊತ್ತಿಗೆ 50 ಕಿಲೋ ಅಕ್ಕಿಯ ಮೂಟೆಗೆ ಆ ವೇತನ ಪೂರ್ತಿ ಸಾಲುತ್ತಿರಲಿಲ್ಲ. ಉತ್ತರದಲ್ಲಿ ಜನ "ಅಫಾಫಟಾ" ಎಂಬ ಗಿರಣಿಯ ನುಚ್ಚನ್ನು, ಮೊದಲು ಮೀನಿಗೆ ಹಾಕುತ್ತಿದ್ದುದನ್ನು, ಕೊಂಡು ಬೇಯಿಸತೊಡಗಿದರು. 2024ರ ಡಿಸೆಂಬರ್ 18ರಂದು ಇಬಾದಾನಿನಲ್ಲಿ ಉಚಿತ ಊಟ ಮತ್ತು ಉಡುಗೊರೆ ಕೊಡುವುದಾಗಿ ಕರೆದಿದ್ದ ಮಕ್ಕಳ ಮೇಳದ ನೂಕುನುಗ್ಗಲಿನಲ್ಲಿ 35 ಮಕ್ಕಳು ಸತ್ತರು. ಮೂರು ದಿನ ಕಳೆದು ಅಬುಜಾ ಮತ್ತು ಒಕಿಜಾದಲ್ಲಿ ಅಕ್ಕಿ-ಆಹಾರ ಹಂಚುವ ಜಾಗಗಳಲ್ಲಿ ಮತ್ತೆ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಬಾದಾನಿನ ಸುದ್ದಿ ಹೇಳುವಾಗ ಮೇಷ್ಟರು ತಟ್ಟೆಯನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು. ಅದು ಅವರ ಊರು.

ಈಗ ನಮ್ಮ ತಪ್ಪು. "ಸಬ್ಸಿಡಿ ತೆಗೆದದ್ದೇ ತಪ್ಪು" ಎಂಬ ದಪ್ಪಕ್ಷರದ ತಲೆಬರಹ ಮೇಷ್ಟರದಲ್ಲ, ನಮ್ಮದು. ತಮ್ಮ ಪತ್ರ ಬಂದ ಮೇಲೆ ಧ್ವನಿಮುದ್ರಣವನ್ನು ನಾನೇ ಕುಳಿತು ಮತ್ತೆ ಕೇಳಿದೆ. ಅವರು ಹೇಳಿದ್ದು ಹೀಗೆ: "2012ರಲ್ಲಿ ಸಬ್ಸಿಡಿ ಉಳಿಸಿ ಎಂದು ಲಾಗೋಸಿನ ಓಜೋಟಾದಲ್ಲಿ ನಾನೂ ನಿಂತಿದ್ದೆ. ಇಂದಾದರೆ ನಿಲ್ಲುತ್ತಿರಲಿಲ್ಲ, ಅದು ಹೋಗಬೇಕಾಗಿತ್ತು. ಆದರೆ ಬಸ್ಸು, ಸಂಬಳ, ಅಕ್ಕಿ, ಈ ಮೂರರಲ್ಲಿ ಒಂದನ್ನಾದರೂ ಮೊದಲು ಸಿದ್ಧಮಾಡಿಕೊಂಡು ತೆಗೆಯಬೇಕಾಗಿತ್ತು. ತಪ್ಪಾದದ್ದು ಅಲ್ಲಿ." ಈ ಮಾತಿನ ಮೊದಲೆರಡು ವಾಕ್ಯಗಳನ್ನು ಪುಟ ಸಾಲದೆಂದು ಕತ್ತರಿಸಿದವನು ನಾನು, ತಲೆಬರಹಕ್ಕೆ ಒಪ್ಪಿಗೆ ಕೊಟ್ಟವನೂ ನಾನೇ. ತಾವು ಅವರನ್ನು ತಪ್ಪಾಗಿ ತಿಳಿಯಲು ನಾವು ಕಾರಣರಾದೆವು. ಅದಕ್ಕಾಗಿ ತಮ್ಮಲ್ಲಿಯೂ ಅವರಲ್ಲಿಯೂ ಕ್ಷಮೆ ಕೇಳುತ್ತೇನೆ. ಆ ಭಾಗದ ಪೂರ್ಣಪಾಠವನ್ನು ಈ ಸಂಚಿಕೆಯಲ್ಲಿ ತಮ್ಮ ಪತ್ರದ ಪಕ್ಕದಲ್ಲಿಯೇ ಕೊಟ್ಟಿದ್ದೇವೆ.

ಅವರ ತಾಯಿ ಗುಣಮುಖರಾಗಿ, ಇಬ್ಬರೂ ಊರಿಗೆ ಮರಳಿದ್ದಾರೆ. ತಮ್ಮ ಪತ್ರದ ಸಾರವನ್ನು ಇಂಗ್ಲಿಷಿಗೆ ಮಾಡಿ ಅವರಿಗೆ ಕಳುಹಿಸಿದ್ದೇನೆ. ಉತ್ತರ ಬಂದ ಕೂಡಲೇ, ಈ ಸಲ ಒಂದು ಸಾಲನ್ನೂ ಕತ್ತರಿಸದೆ, ಪ್ರಕಟಿಸುತ್ತೇವೆ.

ವಂದನೆಗಳೊಂದಿಗೆ,
ಸಂಪಾದಕ