ಎಚ್ಚರಿಕೆ ಸ್ಕ್ರೂ ಬಿಚ್ಚುವ ಮೊದಲೇ ಬರಲಿ

ನಮಸ್ಕಾರ.

ಗ್ರಾಫಿಕ್ಸ್ ಕಾರ್ಡಿನ ಕಂಪನಿ ಕೂಲರ್ ತೆಗೆದು ಬೇರೆ ಕೂಲರ್ ಕೂರಿಸುವ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಈ ಕೆಲಸ ನೀವೇ ಕೈಯಾರೆ ಮಾಡಿದ್ದೀರಿ ಅನ್ನುವುದು ಓದುವಾಗಲೇ ಗೊತ್ತಾಗುತ್ತದೆ. ಗೇಮ್ ಶುರುವಾದ ಕೂಡಲೇ ಹಳೆ ಫ್ಯಾನ್ ಕೂಗುತ್ತಿದ್ದದ್ದು, ಹೊಸದು ಹಾಕಿದ ಮೇಲೆ ಪಕ್ಕದಲ್ಲೇ ಕೂತರೂ ಸದ್ದು ಕೇಳದಿರುವುದು, ಆ ಪ್ಯಾರಾ ತುಂಬಾ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ತೊಂದರೆ ಇರುವುದು ಹೇಳುವ ಕ್ರಮದಲ್ಲಿ. ಇಂಥ ಲೇಖನವನ್ನು ಕೆಲವರು ಸುಮ್ನೆ ಕುತೂಹಲಕ್ಕೆ ಓದುತ್ತಾರೆ. ಇನ್ನು ಕೆಲವರು ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಒಂದು ವಾಕ್ಯ ಓದಿ ಒಂದು ಕೆಲಸ ಮಾಡುತ್ತಾರೆ. ನೀವು ಬರೆಯಬೇಕಾದದ್ದು ಇವರಿಗೆ. ನಿಮ್ಮ ಲೇಖನದಲ್ಲಿ ‘ಹಳೆ ಕೂಲರನ್ನು ಎತ್ತಿ ತೆಗೆಯಿರಿ’ ಎಂದಿದೆ. ಮುಂದಿನ ಪ್ಯಾರಾದಲ್ಲಿ ‘ಫ್ಯಾನಿನ ವೈರ್ ಕಾರ್ಡಿಗೆ ಸಿಕ್ಕಿಸಿರುತ್ತದೆ, ಹುಷಾರು’ ಎಂದಿದೆ. ಅಷ್ಟರಲ್ಲಿ ಅವರು ಎತ್ತಿ ಆಗಿರುತ್ತದೆ, ಕನೆಕ್ಟರ್ ಕಿತ್ತು ಬಂದಿರುತ್ತದೆ. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚಿರುವ ಹಳೆ ಥರ್ಮಲ್ ಪೇಸ್ಟ್ ಒಣಗಿ ಹಿಡಿದುಕೊಂಡಿರುತ್ತದೆ ಅನ್ನುವ ಮಾತೂ ಇಲ್ಲ. ನೇರವಾಗಿ ಎಳೆದರೆ ಆ ಬಲವೆಲ್ಲ ಚಿಪ್ಪಿನ ಕೆಳಗಿನ ಬೆಸುಗೆಯ ಮೇಲೆ ಬೀಳುತ್ತದೆ. ಬಿಚ್ಚುವ ಮೊದಲು ಕಾರ್ಡನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿಕೊಳ್ಳಬೇಕು. ಆಮೇಲೆ ಪವರ್ ತೆಗೆದು, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ ಸಡಿಲ ಮಾಡಬೇಕು. ವಾರಂಟಿ ಹೋಗಬಹುದು ಅನ್ನುವ ಮಾತಂತೂ ನಿಮ್ಮ ಕೊನೆಯ ಸಾಲಿನಲ್ಲಿದೆ. ಅದನ್ನು ಮೊದಲ ಪುಟಕ್ಕೆ ತನ್ನಿ.

ಶುರುವಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಚರಿತ್ರೆ ಬೇಡ. ಪೂರ್ತಿ ತೆಗೆದುಬಿಡಿ. ಆ ಜಾಗದಲ್ಲಿ ಕೂಲರ್ ಕೊಳ್ಳುವ ಮುಂಚೆ ಏನೇನು ಅಳೆಯಬೇಕು ಅಂತ ಬರೆಯಿರಿ. ಚಿಪ್ಪಿನ ಸುತ್ತಲಿನ ನಾಲ್ಕು ತೂತುಗಳ ನಡುವಿನ ಅಂತರ ಎಲ್ಲ ಕಾರ್ಡಿಗೂ ಒಂದೇ ಅಲ್ಲ. ಒಂದೇ ಚಿಪ್ ಇದ್ದರೂ ಬೇರೆ ಬೇರೆ ಕಂಪನಿಯ ಬೋರ್ಡಿನಲ್ಲಿ ಕೆಪಾಸಿಟರುಗಳು ಬೇರೆ ಬೇರೆ ಕಡೆ ಇರುತ್ತವೆ. ಎತ್ತರದ ಒಂದು ಕೆಪಾಸಿಟರ್ ಅಡ್ಡ ಬಂದರೂ ಸಾಕು, ಕೂಲರ್ ಕೂರುವುದಿಲ್ಲ. ಕೇಸಿನೊಳಗೆ ಎಷ್ಟು ಸ್ಲಾಟ್ ಖಾಲಿ ಇದೆ ಅನ್ನುವುದನ್ನೂ ನೋಡಿಕೊಳ್ಳಬೇಕು. ರೈಜಿನ್‌ಟೆಕ್ ಮಾರ್ಫಿಯಸ್ ಥರದ ಕೂಲರುಗಳು ಫ್ಯಾನ್ ಇಲ್ಲದೆ ಬರುತ್ತವೆ. ಅದಕ್ಕೆ 120 ಮಿ.ಮೀ. ಫ್ಯಾನ್ ಎರಡು ಬೇರೆ ತರಬೇಕು. ಕಾರ್ಡಿನ ಮೇಲಿರುವ ನಾಲ್ಕು ಪಿನ್ನಿನ ಕನೆಕ್ಟರ್ ಮದರ್‌ಬೋರ್ಡಿನದಕ್ಕಿಂತ ಚಿಕ್ಕದು. ಫ್ಯಾನ್ ವೇಗವನ್ನು ಕಾರ್ಡೇ ನೋಡಿಕೊಳ್ಳಬೇಕು ಅಂದರೆ ಅಡಾಪ್ಟರ್ ಕೇಬಲ್ ಬೇಕು. ಇದೆಲ್ಲ ಗೊತ್ತಾಗದೆ ದುಡ್ಡು ಕೊಟ್ಟವರಿಗೆ ನಿಮ್ಮ ಲೇಖನದ ಮೇಲೆ ಸಿಟ್ಟು ಬರುವುದು ಸಹಜ ಅಲ್ವಾ?

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಚಿಪ್ಪಿನ ತಾಪ 82 ಡಿಗ್ರಿಯಿಂದ 61ಕ್ಕೆ ಇಳಿಯಿತು ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದ್ದೀರಿ. ಇಡೀ ಲೇಖನ ಆ ಒಂದು ಅಂಕಿಯ ಮೇಲೆ ನಿಂತಿದೆ. ಆದರೆ ಕಾರ್ಡಿನಲ್ಲಿ ಬಿಸಿಯಾಗುವುದು ಚಿಪ್ ಒಂದೇ ಅಲ್ಲ. ಸುತ್ತಲಿನ ಮೆಮೊರಿ, ಚಿಪ್ಪಿಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಭಾಗ, ಇವೂ ಕಾಯುತ್ತವೆ. ಸಾಮಾನ್ಯವಾಗಿ ಕಂಪನಿ ಕೂಲರಿನ ತಟ್ಟೆ ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡುಗಳ ಮೂಲಕ ಇವಕ್ಕೂ ತಾಗಿರುತ್ತದೆ. ನೀವು ಹಾಕಿದ ಕೂಲರ್ ಚಿಪ್ಪಿಗೆ ಮಾತ್ರ ತಾಗುತ್ತದೆ. ಅಂದರೆ ಚಿಪ್ ತಣ್ಣಗಿದ್ದು, ಮೆಮೊರಿ ಮೊದಲಿಗಿಂತ ಜಾಸ್ತಿ ಕಾಯುತ್ತಿರಬಹುದು. ಕೆಲವು ಕಾರ್ಡುಗಳಲ್ಲಿರುವ ಜಿಡಿಡಿಆರ್6ಎಕ್ಸ್ ಎಂಬ ಬಗೆಯ ಮೆಮೊರಿ 110 ಡಿಗ್ರಿ ಹತ್ತಿರ ಹೋದರೆ ಕಾರ್ಡ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಆರ್‌ಟಿಎಕ್ಸ್ 3090 ಕಾರ್ಡಿನಲ್ಲಂತೂ ಬೋರ್ಡಿನ ಹಿಂಬದಿಯಲ್ಲೂ ಮೆಮೊರಿ ಇದೆ. ಎಷ್ಟೋ ಕಾರ್ಡುಗಳಲ್ಲಿ ವಿಆರ್‌ಎಂ ತಾಪ ಪರದೆಯ ಮೇಲೆ ಕಾಣುವುದೇ ಇಲ್ಲ. ಕಾಣದಿರುವ ಬಿಸಿಯ ಬಗ್ಗೆ ಹೇಳುವವರು ಬೇಕು, ಆ ಕೆಲಸ ನೀವು ಮಾಡಿ.

ಇದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು: ‘ಜೊತೆಗೆ ಬರುವ ಚಿಕ್ಕ ಹೀಟ್‌ಸಿಂಕುಗಳನ್ನು ಅಂಟಿಸಿ.’ ಮೆಮೊರಿಯ ಬಿಸಿ ಹೀರಿ ಗಾಳಿಗೆ ಬಿಡುವ ಈ ಲೋಹದ ತುಂಡುಗಳನ್ನು ಅಂಟಿಸುವುದು ಹೇಗೆ? ಸಾಮಾನ್ಯ ಟವರ್ ಕೇಸಿನಲ್ಲಿ ಕಾರ್ಡ್ ಅಡ್ಡಡ್ಡ ಕೂರುತ್ತದೆ, ಚಿಪ್ ಇರುವ ಮುಖ ಕೆಳಗೆ. ಹಾಗಾಗಿ ಆ ಹೀಟ್‌ಸಿಂಕುಗಳು ತಲೆಕೆಳಗಾಗಿ ನೇತಾಡುತ್ತವೆ. ಟೇಪ್ ಬಿಸಿಗೆ ಬಿಟ್ಟುಕೊಂಡರೆ ಲೋಹದ ತುಂಡು ಫ್ಯಾನಿನ ಮೇಲೋ ಕೇಸಿನ ತಳಕ್ಕೋ ಬೀಳುತ್ತದೆ. ಥರ್ಮಲ್ ಅಂಟು ಗಟ್ಟಿ, ಆದರೆ ಆಮೇಲೆ ಕೀಳುವುದು ಬಲು ಕಷ್ಟ. ಹಳೆ ಕೂಲರನ್ನು ಮತ್ತೆ ಹಾಕುವ ದಾರಿ ಅಲ್ಲಿಗೆ ಮುಚ್ಚಿದ ಹಾಗೆ. ಯಾವುದನ್ನು ಬಳಸಿದರೂ ಮೆಮೊರಿಯ ಮೇಲ್ಮೈಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಅಂಟಿಸಬೇಕು. ಕೂಲರಿಗೆ ತಟ್ಟೆ ಇದ್ದರೆ ಪ್ಯಾಡಿನ ದಪ್ಪ ಮುಖ್ಯ. ಅರ್ಧ ಮಿಲಿಮೀಟರ್ ಜಾಸ್ತಿಯಾದರೆ ಕೂಲರ್ ಚಿಪ್ಪಿಗೆ ಸರಿಯಾಗಿ ತಾಗುವುದಿಲ್ಲ. ಕಡಿಮೆಯಾದರೆ ಮೆಮೊರಿಗೆ ತಾಗುವುದಿಲ್ಲ. ಈ ಭಾಗಕ್ಕೆ ಒಂದು ಪುಟ ತೆಗೆದುಕೊಳ್ಳಿ, ನಾನು ಜಾಗ ಕೊಡುತ್ತೇನೆ.

‘ಸ್ಕ್ರೂಗಳನ್ನು ಚೆನ್ನಾಗಿ ಬಿಗಿ ಮಾಡಿ’ ಅನ್ನುವ ಸಾಲು ಹಾಗೇ ಹೋದರೆ ಯಾರದ್ದಾದರೂ ಕಾರ್ಡ್ ಹಾಳಾಗುತ್ತದೆ. ಪ್ರೊಸೆಸರಿಗೆ ಇರುವಂತೆ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಸಾಮಾನ್ಯವಾಗಿ ಲೋಹದ ಮುಚ್ಚಳ ಇರುವುದಿಲ್ಲ. ಒಂದೇ ಮೂಲೆಯ ಮೇಲೆ ಭಾರ ಬಿದ್ದರೆ ಆ ಮೂಲೆ ಒಡೆಯಬಹುದು. ಎದುರುಬದುರು ಮೂಲೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬರಬೇಕು ಅಂತ ಬಿಡಿಸಿ ಬರೆಯಿರಿ. ಮುಚ್ಚಳ ಇಲ್ಲದ್ದರಿಂದಲೇ ಪೇಸ್ಟ್ ಕೂಡ ಚಿಪ್ ಪೂರ್ತಿ ತೆಳ್ಳಗೆ ಹರಡಿರಬೇಕು.

ದ್ರವ ಲೋಹದ ಪೇಸ್ಟ್ ಬಳಸಿ ಅನ್ನುವ ಸಲಹೆಯನ್ನು ನಾನು ಹೊಡೆದುಹಾಕಿದ್ದೇನೆ. ಅದರಲ್ಲಿ ಗ್ಯಾಲಿಯಂ ಇರುತ್ತದೆ. ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಅದರಲ್ಲಿ ವಿದ್ಯುತ್ತೂ ಹರಿಯುತ್ತದೆ, ಚಿಪ್ಪಿನ ಸುತ್ತ ಇರುವ ಪುಟ್ಟ ಕೆಪಾಸಿಟರುಗಳಿಗೆ ತಾಗಿದರೆ ಶಾರ್ಟ್ ಆಗಬಹುದು. ಮೊದಲ ಸಲ ಕೂಲರ್ ಬದಲಿಸುವವರಿಗೆ ಹೇಳುವ ಮಾತಲ್ಲ ಅದು.

ನಿಮ್ಮ 82 ಮತ್ತು 61ನ್ನೂ ಮತ್ತೆ ಅಳೆಯಿರಿ. ಕೋಣೆಯ ತಾಪ ಎಷ್ಟಿತ್ತು, ಕೇಸಿನ ಬಾಗಿಲು ಮುಚ್ಚಿತ್ತಾ, ಯಾವ ಗೇಮ್, ಎಷ್ಟು ಹೊತ್ತು, ಯಾವುದೂ ಇಲ್ಲ. ಹಳೆ ಕೂಲರನ್ನು ಧೂಳು ತೆಗೆದು, ಹೊಸ ಪೇಸ್ಟ್ ಹಾಕಿ ಅಳೆದರೆ ಇನ್ನೂ ಒಳ್ಳೆಯದು. ಕೆಲವರಿಗೆ ಅಷ್ಟೇ ಸಾಕಾಗಬಹುದು, ಹೊಸ ಕೂಲರ್ ಬೇಕಾಗುವುದೇ ಇಲ್ಲ. ಅದನ್ನು ಓದುಗರಿಗೆ ಹೇಳಲು ಹಿಂಜರಿಯಬೇಡಿ. ಇನ್ನೊಂದು ವಿಷಯ: ನಿಮ್ಮ ಹಳೆಯದು ಬಿಸಿ ಗಾಳಿಯನ್ನು ಕೇಸಿನ ಹಿಂದಿನಿಂದ ಹೊರಗೆ ತಳ್ಳುವ ಬ್ಲೋವರ್. ಹೊಸದು ಅದೇ ಬಿಸಿಯನ್ನು ಕೇಸಿನೊಳಗೇ ಬಿಡುತ್ತದೆ. ಹಾಗಾಗಿ ಪ್ರೊಸೆಸರಿನ ತಾಪವನ್ನೂ ಬರೆದುಕೊಳ್ಳಿ.

ಕಾರ್ಡನ್ನು ಮೊದಲ ಸಲ ಆನ್ ಮಾಡುವ ಭಾಗ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಫ್ಯಾನ್ ತಿರುಗುತ್ತಿದೆಯಾ ಎಂದು ಹೇಗೆ ನೋಡಬೇಕು, ಸುಮ್ಮನಿರುವಾಗ ತಾಪ ಎಷ್ಟಿರಬೇಕು, ಹಾಟ್‌ಸ್ಪಾಟ್ ಅಂಕಿ, ಅಂದರೆ ಚಿಪ್ಪಿನ ಅತಿ ಬಿಸಿ ಜಾಗದ ತಾಪ, ಚಿಪ್ಪಿನ ಸಾಮಾನ್ಯ ಅಂಕಿಗಿಂತ ತುಂಬಾ ಮೇಲಿದ್ದರೆ ಕೂಲರ್ ಓರೆ ಕೂತಿರಬಹುದು, ಯಾವಾಗ ಕೂಡಲೇ ಆಫ್ ಮಾಡಬೇಕು, ಇಷ್ಟನ್ನೂ ಬರೆಯಿರಿ. ಹೀಟ್‌ಸಿಂಕ್ ಅಂಟಿಸಿದ ಬೋರ್ಡಿನ ಫೋಟೊ ಒಂದನ್ನು ಮೇಲಿಂದ, ಒಂದನ್ನು ಪಕ್ಕದಿಂದ ತೆಗೆದು ಜೊತೆಗಿಡಿ. ತಿದ್ದಿದ ಪ್ರತಿಯನ್ನು ನೇರ ನನಗೇ ಕಳಿಸಿ.