ಎಸ್‌ಜಿಪಿಟಿ ಇಳಿಯಿತು, ಕಣ್ಣು ಹಳದಿಯಾಯಿತು: ಯಾವುದನ್ನು ನಂಬುವುದು?

ಪ್ರಶ್ನೆ: ನಮ್ಮ ಅಪ್ಪನಿಗೆ 62 ವರ್ಷ, ಅಡಿಕೆ ತೋಟದ ಕೆಲಸ. ಇಲಿಜ್ವರ ಬಂದು ಬಿಪಿ ಪೂರ್ತಿ ಕುಸಿದು ಐಸಿಯುಗೆ ಸೇರಿಸಿದೆವು. ಮರುದಿನ ಎಸ್‌ಜಿಪಿಟಿ (ಲಿವರ್ ಕೋಶದ ಕಿಣ್ವ) 3,200 ಇತ್ತು, ಐದನೇ ದಿನಕ್ಕೆ 600. ಆದರೆ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) 2.1ರಿಂದ 7.8ಕ್ಕೆ ಏರಿದೆ. ಗುಣವಾಗುತ್ತಿದೆಯೇ? ಊರಲ್ಲಿ ಕೊಡುವ ಕಾಮಾಲೆ ಮದ್ದನ್ನು ಮೂಗಿನ ನಳಿಕೆಯಲ್ಲಿ ಹಾಕಿಸಬಹುದೇ?
– ಓದುಗರು, ಕುಮಟಾ

ಉತ್ತರ: ನಿಮ್ಮ ತಂದೆಯವರ ಲಿವರ್‌ಗೆ ಬಿದ್ದದ್ದು ಎರಡು ಪೆಟ್ಟು. ಇಲಿಜ್ವರ ಒಂದರಿಂದಲೇ ಎಸ್‌ಜಿಪಿಟಿ ಸಾಮಾನ್ಯವಾಗಿ 200ರ ಆಚೆ ಹೋಗುವುದಿಲ್ಲ. 3,200 ಆಗಿದ್ದರೆ ಬಿಪಿ ಕುಸಿದದ್ದೇ ಕಾರಣವಿರಬೇಕು. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಕಾಲು ಭಾಗ ಲಿವರ್‌ಗೆ ಹೋಗುತ್ತದೆ. ಅದರಲ್ಲೂ ಹೆಚ್ಚಿನದು ಕರುಳನ್ನು ದಾಟಿ, ಆಮ್ಲಜನಕ ಅಷ್ಟಿಷ್ಟು ಕಳೆದುಕೊಂಡು ಬಂದ ರಕ್ತ. ಹರಿವು ನಿಂತರೆ ಕೋಶಗಳು ಸತ್ತು ಕಿಣ್ವ ಸೋರುತ್ತದೆ. ಅದು ಒಂದೆರಡು ದಿನ ಏರಿ, ಬಿಪಿ ನಿಂತರೆ ವಾರ-ಹತ್ತು ದಿನದಲ್ಲಿ ಇಳಿಯುತ್ತದೆ.

ಬಿಲಿರುಬಿನ್ ಏರಿದ್ದು ಸೋಂಕಿನಿಂದ. ಬಿಲಿರುಬಿನ್ ಹೊತ್ತ ಪಿತ್ತವನ್ನು ನಾಳಕ್ಕೆ ದೂಡುವ ಕೆಲಸವನ್ನು ಕೋಶಗಳು ನಿಧಾನ ಮಾಡಿವೆ. ಅಂಗಗಳು ಎಷ್ಟು ಸೋತಿವೆ ಎಂದು ಅಳೆಯುವ ಐಸಿಯುನ ಸೋಫಾ ಲೆಕ್ಕದಲ್ಲಿ ಲಿವರ್‌ಗೆ ಗರಿಷ್ಠ 4 ಅಂಕ, 6ರಿಂದ 11.9ರ ಬಿಲಿರುಬಿನ್‌ಗೆ 3. ಹಗುರವಾದ ಸ್ಥಿತಿಯಲ್ಲ. ಆದರೂ ಇಲಿಜ್ವರದಲ್ಲಿ ಬಿಲಿರುಬಿನ್ 20 ದಾಟಿದವರ ಲಿವರ್ ಕೂಡ ಪೂರ್ತಿ ಚೇತರಿಸಿಕೊಳ್ಳುವುದುಂಟು. ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ಕಿಡ್ನಿಯಿಂದ, ಶ್ವಾಸಕೋಶದ ರಕ್ತಸ್ರಾವದಿಂದ. ಹಾಗಾಗಿ ಮೂತ್ರ ಎಷ್ಟು ಬಂತು, ಕ್ರಿಯೇಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಸ) ಎಷ್ಟು, ಕಫದಲ್ಲಿ ರಕ್ತವಿದೆಯೇ ಎಂದು ದಿನವೂ ಕೇಳಿ.

ಲಿವರ್ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬ ಅಳತೆ. ಅದು ಏರಿದ್ದರೆ ವಿಟಮಿನ್ ಕೆ 10 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟು ನೋಡುತ್ತಾರೆ. 12ರಿಂದ 24 ಗಂಟೆಯಲ್ಲಿ ಇಳಿದರೆ ಬರೀ ವಿಟಮಿನ್ ಕೊರತೆ: ಊಟವಿಲ್ಲ, ಆಂಟಿಬಯೋಟಿಕ್ ಬೇರೆ. ಇಳಿಯದೆ ಸಕ್ಕರೆಯೂ ಬೀಳುತ್ತಾ, ನಿದ್ದೆಯ ಔಷಧಿ ನಿಲ್ಲಿಸಿದರೂ ಎಚ್ಚರವಾಗದಿದ್ದರೆ, ಎಸ್‌ಜಿಪಿಟಿ ಇಳಿದದ್ದಕ್ಕೆ ಹಿಗ್ಗಬೇಡಿ; ಸೋರಲು ಕೋಶಗಳೇ ಉಳಿದಿಲ್ಲದೆಯೂ ಅದು ಇಳಿಯುತ್ತದೆ. ಪ್ಲಾಸ್ಮಾ ಏರಿಸಿದ ಬೆನ್ನಿಗೇ ತೆಗೆದ ಐಎನ್‌ಆರ್ ಲೆಕ್ಕಕ್ಕಿಲ್ಲ; ಅದರಲ್ಲಿ ಬೇರೆಯವರ ಹೆಪ್ಪುಗಟ್ಟಿಸುವ ಅಂಶಗಳಿರುತ್ತವೆ.

ಮದ್ದು ಬೇಡ. ಸೊಪ್ಪಿನ ರಸದಲ್ಲಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ಸೋತವರಲ್ಲಿ ಅದು ಹೊರಹೋಗದೆ ಹೃದಯದ ಲಯ ಕೆಡಿಸಬಹುದು. ಈಗಾಗಲೇ ಕುಡಿಸಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಬೈದರೂ ಬೈಯಲಿ. ಮನೆಯಲ್ಲಿ ನುಂಗಿದ ಪ್ಯಾರಾಸಿಟಮಾಲ್ ಲೆಕ್ಕವನ್ನೂ ಕೊಡಿ. 650ರ ಮಾತ್ರೆ ದಿನಕ್ಕೆ ಆರು ಎಂದರೆ 3.9 ಗ್ರಾಂ. ದೊಡ್ಡವರಿಗೆ ಮಿತಿ 4 ಗ್ರಾಂ. ಊಟ ಬಿಟ್ಟವರಿಗೆ, ಕುಡಿತವಿರುವವರಿಗೆ ಇನ್ನೂ ಕಡಿಮೆ.

ಪ್ರಶ್ನೆ: ನ್ಯುಮೋನಿಯಾದಿಂದ ಐಸಿಯುನಲ್ಲಿರುವ ಅಮ್ಮನ ಆಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೋಟೀನ್) ನಾಲ್ಕೇ ದಿನದಲ್ಲಿ 2.1ಕ್ಕೆ ಇಳಿದಿದೆ. ಲಿವರ್ ಹೋಯಿತೇ? ಆಲ್ಬುಮಿನ್ ಬಾಟಲಿ ತರಿಸಬೇಕೇ?
– ಓದುಗರು, ಶಿರಸಿ

ಉತ್ತರ: ಇಷ್ಟರಿಂದ ಹಾಗೆ ಹೇಳಲಾಗದು. ಲಿವರ್ ತಯಾರಿಕೆ ನಿಲ್ಲಿಸಿದರೂ ರಕ್ತದ ಆಲ್ಬುಮಿನ್ ಅರ್ಧಕ್ಕಿಳಿಯಲು ಸುಮಾರು 20 ದಿನ ಬೇಕು. ನಾಲ್ಕು ದಿನದಲ್ಲಿ ಕುಸಿದದ್ದು ಉರಿಯೂತಕ್ಕೆ ರಕ್ತನಾಳಗಳಿಂದ ಹೊರಗೆ ಸೋರಿದ್ದರಿಂದ, ಸಲೈನ್‌ನಿಂದ ರಕ್ತ ತೆಳುವಾದದ್ದರಿಂದ. ರಿಪೋರ್ಟಿನ ಅಂಕಿ ಸರಿಪಡಿಸಲೆಂದು ಬಾಟಲಿ ಏರಿಸುವುದು ದುಡ್ಡು ದಂಡ. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ) ಇದ್ದವರ ಹೊಟ್ಟೆಯಿಂದ 5 ಲೀಟರ್‌ಗೂ ಹೆಚ್ಚು ನೀರು ತೆಗೆದಾಗ, ಲೀಟರ್‌ಗೆ 6ರಿಂದ 8 ಗ್ರಾಂನಂತೆ ಕೊಡುವುದು ಬೇರೆ ಮಾತು. ನಳಿಕೆಯಲ್ಲಿ ಆಹಾರ ಶುರುವಾಗಿದೆಯೇ, ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂದು ಕೇಳಿ.