ಪ್ರತಿಕ್ರಿಯೆ: ಅಕ್ಷರಮಾಲೆ ಬರುತ್ತೆ, ಓದೋಕೆ ಬರಲ್ಲ
ಒಂದನೇ ಕ್ಲಾಸಿನ ಮಗಳು ಅಕ್ಷರಮಾಲೆ ಪೂರ್ತಿ ಒಪ್ಪಿಸುತ್ತಾಳೆ, ಪುಸ್ತಕ ತೆರೆದರೆ ತಡವರಿಸುತ್ತಾಳೆ, ಪ-ಷ-ವ ಅದಲುಬದಲಾಗುತ್ತೆ ಅಂತ ಕೇಳಿದ್ದೀರಿ. ಗಾಬರಿ ಬೇಡಿ, ಈ ವಯಸ್ಸಿಗೆ ಇದು ಸಹಜ. ಬಾಯಿಪಾಠ ಬೇರೆ, ಅಕ್ಷರವನ್ನು ಕಂಡು ಗುರುತಿಸೋದು ಬೇರೆ.

ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಇಂದ ಶುರು ಮಾಡುತ್ತಾರೆ. ಈ ಐದೇ ಅಕ್ಷರ ಬಂದರೂ ಸರ, ಅರಸ, ಅಗಸ, ಗರಗಸ ಓದಬಹುದು. ತಾನೇ ಒಂದು ಪದ ಓದಿದೆ ಅನ್ನೋ ಆ ಖುಷಿ ಮಗುವಿಗೆ ಬೇಗ ಸಿಗಬೇಕು, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲೂ ಹಾಗೇ ಮಾಡಿ. ಪ, ಷ, ವ ಮೂರನ್ನೂ ಒಟ್ಟಿಗೆ ಹೇಳಿಕೊಡಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಕಾಗುಣಿತವನ್ನು ಪುಟಗಟ್ಟಲೆ ಬರೆಸುವ ಬದಲು ಒಂದೊಂದೇ ಚಿಹ್ನೆಯನ್ನು ಪದದಲ್ಲೇ ತೋರಿಸಿ: ದರ–ದಾರ, ಸರ–ಸಾರ. ಒತ್ತಕ್ಷರಕ್ಕಂತೂ ಅವಸರವೇ ಬೇಡ. ಅಕ್ಕ, ಅಜ್ಜ ಸುಲಭ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣೋದೇ ಇಲ್ಲ, ದೊಡ್ಡ ಮಕ್ಕಳೂ ಅಲ್ಲಿ ಎಡವುತ್ತಾರೆ.

ಪುಸ್ತಕವನ್ನು ಮುಖದ ಹತ್ತಿರ ಹಿಡಿಯುತ್ತಾಳಾ ಗಮನಿಸಿ. ಹೌದಾದರೆ ಕಣ್ಣಿನ ಪರೀಕ್ಷೆ ಮಾಡಿಸಿ. ಎರಡನೇ ಕ್ಲಾಸು ಮುಗಿಯುವಾಗಲೂ ಸರಳ ಪದ ಓದಲಾಗದಿದ್ದರೆ ಟೀಚರ್ ಜೊತೆ ಕೂತು ಮಾತಾಡಿ.